ಪಂಪು ಕೂರಿಸಿದ ಮೇಲಿನ ಕೆಲಸ

ಹೊರದೇಶದ ಹಳ್ಳಿಗಳಲ್ಲಿ ಸೇವಾಸಂಸ್ಥೆಗಳ ಜೊತೆ ದುಡಿಯಲು ಹೊರಡುವ ಯುವ ವೃತ್ತಿಪರರ ವಿಷಯ ಬಂದಾಗಲೆಲ್ಲ ನನಗೆ ಕೆನಡಾದ ‘ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್’ ನೆನಪಾಗುತ್ತದೆ. ಜಾರ್ಜ್ ರೋಟರ್ ಮತ್ತು ಪಾರ್ಕರ್ ಮಿಚೆಲ್ ಎಂಬ ಇಬ್ಬರು ತರುಣ ಎಂಜಿನಿಯರುಗಳು 2000ದಲ್ಲಿ ಕಟ್ಟಿದ ಈ ಸಂಸ್ಥೆ, 2008ರಿಂದ ತನ್ನ ಯೋಜನೆಗಳು ಎಲ್ಲೆಲ್ಲಿ ಸೋತವೆಂಬುದನ್ನೇ ವರದಿಯಾಗಿ ಪ್ರಕಟಿಸತೊಡಗಿತು. ದಾನಿಗಳ ಹಣದಿಂದಲೇ ನಡೆಯುವ ಸಂಸ್ಥೆಯೊಂದು ಇಷ್ಟು ಧೈರ್ಯ ತೋರಿದ್ದು ಸಣ್ಣ ಮಾತಲ್ಲ.

ಹಳ್ಳಿಯ ನೀರಿನ ಯೋಜನೆಗಳು ಎಲ್ಲಿ ಸೋಲುತ್ತವೆಂಬುದನ್ನೇ ನೋಡಿ. ಬೋರ್‌ವೆಲ್ ಕೊರೆಸುವುದಕ್ಕೆ, ಪಂಪು ಕೂರಿಸುವುದಕ್ಕೆ ಹಣ ಒದಗಿಬರುತ್ತದೆ. ಕೆಲವು ವರ್ಷಗಳಲ್ಲಿ ಪಂಪಿನೊಳಗೆ ನೀರು ಸೋರದಂತೆ ತಡೆಯುವ ಸೀಲು ಸವೆದು ನೀರು ನಿಂತಾಗ ಹೊಸ ಸೀಲನ್ನು ಯಾರು, ಎಲ್ಲಿಂದ ತರಬೇಕೆಂಬ ಪ್ರಶ್ನೆಗೆ ಮಾತ್ರ ಯಾರೂ ಹಣ ಎತ್ತಿಡುವುದಿಲ್ಲ. 1980ರ ದಶಕದಲ್ಲಿ ಮಲಾವಿ ಮತ್ತು ಕೀನ್ಯಾಗಳಲ್ಲಿ ರೂಪುಗೊಂಡ ‘ಆಫ್ರಿದೇವ್’ ಕೈಪಂಪನ್ನು ನಾನು ಮೆಚ್ಚುವುದು ಈ ಕಾರಣಕ್ಕೆ. ನಮ್ಮ ಹಳ್ಳಿಗಳಲ್ಲಿ ಕಾಣುವ ‘ಇಂಡಿಯಾ ಮಾರ್ಕ್ ಟೂ’ ಪಂಪಿನ ಸೀಲು ಬದಲಿಸಬೇಕಾದರೆ ಬಾವಿಯೊಳಗಿನ ಭಾರವಾದ ಪೈಪುಗಳನ್ನೆಲ್ಲ ಮೇಲೆತ್ತಬೇಕು. ಆಫ್ರಿದೇವ್‌ನಲ್ಲಾದರೆ ಒಂದು ಸ್ಪ್ಯಾನರ್ ಹಿಡಿದು ಮೇಲಿನ ಭಾಗ ಬಿಚ್ಚಿ, ಪೈಪು ಅಲ್ಲಾಡಿಸದೆ ರಾಡುಗಳ ಜೊತೆ ಪಿಸ್ಟನ್ ಹೊರಗೆಳೆದು, ಊರಿನ ಹೆಂಗಸರೇ ರಿಪೇರಿ ಮುಗಿಸಬಹುದು.

ಆದರೂ ಆ ಸೀಲು ಹತ್ತಿರದ ಸಂತೆಯಲ್ಲಿ ಸಿಗದಿದ್ದರೆ ಸ್ಪ್ಯಾನರ್ ಇದ್ದೂ ಪ್ರಯೋಜನವಿಲ್ಲ. ಬಿಡಿಭಾಗ ಅಂಗಡಿಗೆ ತಲುಪುವ ದಾರಿ, ನೀರಿನ ಸಮಿತಿಯ ಲೆಕ್ಕಪುಸ್ತಕ, ಕೆಟ್ಟ ಪಂಪುಗಳ ಪಟ್ಟಿ: ಇವೆಲ್ಲ ಲೆಕ್ಕಪತ್ರ, ಸಾಗಣೆ, ಸಾಫ್ಟ್‌ವೇರ್ ಬಲ್ಲ ನಮ್ಮ ವಯಸ್ಸಿನವರು ಅಲ್ಲಿನ ಪಂಚಾಯಿತಿಯಂಥ ವ್ಯವಸ್ಥೆಯ ಕೈಕೆಳಗೆ ನಿಂತು ಮಾಡಬಹುದಾದ ಕೆಲಸಗಳು. ಹೊರಡುವ ಗೆಳೆಯರು ಇದನ್ನೇ ಕೇಳಿ ಪಡೆಯಲಿ ಎಂಬುದು ನನ್ನ ಮನಃಪೂರ್ವಕ ಆಸೆ.