ಹ್ಯೂಮನೈಜ್ ಬಟನ್‌ಗೆ ಕೈಯೂ ಇಲ್ಲ, ಕಾಲೂ ಇಲ್ಲ

ಬಾಡಿಗೆ ಮನೆಯಲ್ಲಿ ಡ್ರಮ್ ಕಿಟ್ ಇಟ್ಟುಕೊಳ್ಳುವ ಮಾತೇ ಇಲ್ಲ. ಗಿಟಾರ್ ಆದರೆ ಹೆಡ್‌ಫೋನ್ ಹಾಕಿಕೊಂಡು ರಾತ್ರಿ ಎರಡಕ್ಕೂ ನುಡಿಸಬಹುದು, ಡ್ರಮ್ಸ್‌ಗೆ ಎಲ್ಲಿದೆ ವಾಲ್ಯೂಮ್ ನಾಬ್? ಹಾಗಾಗಿ ನನ್ನ ರಾಕ್ ಡೆಮೋಗಳ ಡ್ರಮ್ಸ್ ಎಲ್ಲಾ ಲ್ಯಾಪ್‌ಟಾಪ್‌ನೊಳಗೇ. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್, ಅದರಲ್ಲಿ ಡ್ರಮ್ಸ್ ಶಬ್ದ ಕೊಡುವ ಎಂಟಿ ಪವರ್ ಡ್ರಮ್ ಕಿಟ್ ಅನ್ನೋ ಉಚಿತ ಪ್ಲಗಿನ್. ಸ್ಯಾಂಪಲ್‌ಗಳು (ನಿಜವಾದ ಏಟುಗಳ ರೆಕಾರ್ಡಿಂಗ್) ಚೆನ್ನಾಗಿಯೇ ಇವೆ. ಆದರೂ ನಾಲ್ಕು ಬಾರ್ (ತಾಳದ ಆವರ್ತ) ಕೇಳುವಷ್ಟರಲ್ಲಿ ಇದು ಕಂಪ್ಯೂಟರ್ ಅಂತ ಗೊತ್ತಾಗಿಬಿಡುತ್ತದೆ.

ಅದಕ್ಕೆ ಎಲ್ಲರೂ ಹೇಳುವ ಮದ್ದು ಹ್ಯೂಮನೈಜ್ ಬಟನ್. ಒತ್ತಿದರೆ ಎಲ್ಲಾ ನೋಟ್‌ಗಳೂ ತಾಳದ ಗೆರೆಗಳ ಗ್ರಿಡ್ ಬಿಟ್ಟು ಒಂಚೂರು ಆಚೀಚೆ ಸರಿಯುತ್ತವೆ, ವೆಲಾಸಿಟಿ (ಏಟಿನ ಜೋರು) ಮನಬಂದಂತೆ ಏರಿಳಿಯುತ್ತದೆ. ನನಗಂತೂ ಅದು ಮನುಷ್ಯನ ಹಾಗೆ ಯಾವತ್ತೂ ಕೇಳಿಲ್ಲ, ಕುಡಿದ ಮೆಷಿನ್ ಹಾಗೆ ಕೇಳಿದೆ.

ಮೊನ್ನೆ ಭಾನುವಾರ ಡ್ರಮ್ಸ್ ನುಡಿಸುವ ಗೆಳೆಯನೊಬ್ಬ ಮನೆಗೆ ಬಂದಿದ್ದ. ಬ್ಯಾಗಿನಲ್ಲಿ ಪ್ರಾಕ್ಟೀಸ್ ಪ್ಯಾಡ್, ಸ್ಟಿಕ್ಸ್ ಯಾವಾಗಲೂ ಇರುತ್ತವೆ. ಊಟ ಆದ ಮೇಲೆ ಅವನನ್ನು ಕೂರಿಸಿ, ಕಿವಿಗೆ ನಿಮಿಷಕ್ಕೆ 120 ಬೀಟಿನ ಕ್ಲಿಕ್ ಕೊಟ್ಟು, ನನ್ನ ಹಾಡಿನ ಬೀಟನ್ನೇ ನುಡಿಸು ಅಂದೆ. ಪ್ಯಾಡೇ ಹೈ-ಹ್ಯಾಟ್ (ಜೋಡಿ ಸಿಂಬಲ್), ಒಂದು ದಪ್ಪ ಡಿಕ್ಷನರಿ ಸ್ನೇರ್ (ಚಟ್ ಅನ್ನೋ ಡ್ರಮ್), ಕಿಕ್ ಅಂದರೆ ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್‌ಗೆ ನೆಲದ ಮೇಲೆ ಕಾಲು. ಒಂದೇ ಮೈಕ್. ಆಮೇಲೆ ಆ ವೇವ್‌ಫಾರ್ಮನ್ನು ಗ್ರಿಡ್ ಮೇಲೆ ಹರಡಿಕೊಂಡು ಇಬ್ಬರೂ ಕೂತೆವು.

ಮೊದಲು ಕಣ್ಣಿಗೆ ಬಿದ್ದದ್ದು ಹೈ-ಹ್ಯಾಟ್. ಎಂಟು ಏಟುಗಳಲ್ಲಿ ಒಂದು ಜೋರು, ಒಂದು ಮೆಲ್ಲಗೆ, ಮತ್ತೆ ಜೋರು, ಮತ್ತೆ ಮೆಲ್ಲಗೆ. ನಿಜವಾದ ಹ್ಯಾಟ್ ಆದರೆ ಜೋರಿನ ಏಟಿಗೆ ಸ್ಟಿಕ್‌ನ ಪಕ್ಕೆ ಸಿಂಬಲ್‌ನ ಅಂಚಿಗೆ ಬೀಳುತ್ತದೆ, ಕೈ ಮೇಲೇಳುವಾಗ ಬರೀ ತುದಿ ಮುಟ್ಟುತ್ತದೆ, ಅಷ್ಟೇ. ಇದನ್ನು ಅವನು ಯೋಚಿಸಿ ಮಾಡುವುದಿಲ್ಲ, ಮಣಿಕಟ್ಟು ಕುಣಿಯುವುದೇ ಹಾಗೆ. ಸ್ನೇರ್ ಬಹುತೇಕ ಕಡೆ ಗ್ರಿಡ್‌ಗಿಂತ ಒಂದಿಷ್ಟು ಮಿಲಿಸೆಕೆಂಡ್ ತಡ, ಅದೂ ಪ್ರತಿ ಸಲ ಹೆಚ್ಚುಕಡಿಮೆ ಅಷ್ಟೇ ತಡ. ಕಾಲು ಮಾತ್ರ ಕ್ಲಿಕ್ ಮೇಲೇ ಕೂತಿತ್ತು. ಜೋಡಿ ಕಿಕ್ ಬಂದಾಗ ಮೊದಲನೆಯದು ಮೆಲ್ಲಗೆ, ಎರಡನೆಯದು ಗಟ್ಟಿ. ಫಿಲ್ (ಹಾಡಿನ ಭಾಗ ಬದಲಾಗುವ ಕಡೆ ತುಂಬುವ ಸಣ್ಣ ಓಟ) ಬಂದಾಗ ಸ್ವಲ್ಪ ಓಡುತ್ತಾನೆ. ಅಂದರೆ ಅವನ ಏರುಪೇರಿಗೆಲ್ಲ ಒಂದೊಂದು ಕಾರಣ ಇದೆ. ಕಾರಣ ಇಲ್ಲದ ಏರುಪೇರು ಕೊಡೋದು ಆ ಬಟನ್ ಮಾತ್ರ.

ಶಬ್ದದ ಸಮಸ್ಯೆ ಯಾವತ್ತೋ ಮುಗಿದಿದೆ ನೋಡಿ. 1980ರಲ್ಲೇ ರೋಜರ್ ಲಿನ್ ಅವರ ಎಲ್‌ಎಂ-1 ಮೆಷಿನ್ ನಿಜವಾದ ಡ್ರಮ್ ಏಟುಗಳ ಸ್ಯಾಂಪಲ್ ಇಟ್ಟುಕೊಂಡು ಬಂತು (ಕ್ರ್ಯಾಶ್, ರೈಡ್ ಅನ್ನೋ ದೊಡ್ಡ ಸಿಂಬಲ್‌ಗಳು ಅದರಲ್ಲಿ ಇರಲಿಲ್ಲ, ಸಿಂಬಲ್‌ನ ಉದ್ದನೆಯ ನಾದ ಹಿಡಿಸುವಷ್ಟು ಮೆಮೊರಿ ಆಗ ದುಬಾರಿ). 1983ರಲ್ಲಿ ವಾದ್ಯ, ಕಂಪ್ಯೂಟರ್‌ಗಳು ಪರಸ್ಪರ ಮಾತಾಡುವ ಮಿಡಿ ಭಾಷೆ ಬಂದ ಮೇಲೆ ಏಟಿನ ಜೋರಿಗೆ 1ರಿಂದ 127ರವರೆಗೆ ಅಂಕಿ ಕೊಡಬಹುದಾಯಿತು. ಇಷ್ಟೆಲ್ಲ ಕೈಯಲ್ಲಿದ್ದೂ ಜನ ಎಲ್ಲಾ ಸ್ನೇರನ್ನೂ 127ಕ್ಕೇ ಇಡುತ್ತಾರೆ. ಒಂದೇ ಸ್ಯಾಂಪಲ್ ಮತ್ತೆ ಮತ್ತೆ ಬಿದ್ದರೆ ಮೆಷಿನ್ ಗನ್ ಆಗದೆ ಇನ್ನೇನಾಗುತ್ತೆ?

ಆಮೇಲೆ ನಾನು ಬರೆದಿಟ್ಟಿದ್ದ ಟ್ರ್ಯಾಕನ್ನು ಒಂದೊಂದೇ ಬಾರ್ ತೆಗೆದುಕೊಂಡೆವು. ಹ್ಯಾಟ್‌ಗೆ 95, 65, 95, 65ರ ಆಸುಪಾಸು, ಕಿವಿಯಲ್ಲಿ ಕೇಳಿಕೊಂಡು ಒಂದೆರಡು ಅಂಕಿ ಹೆಚ್ಚುಕಡಿಮೆ. ಬ್ಯಾಕ್‌ಬೀಟ್ (ಎರಡು, ನಾಲ್ಕನೇ ಬೀಟಿನ ಸ್ನೇರ್) 110ರಿಂದ 120, ಅದನ್ನೆಲ್ಲ ಎಂಟು ಮಿಲಿಸೆಕೆಂಡ್ ತಡವಾಗಿ ಇಟ್ಟೆವು. 120 ಬೀಟಿನ ಈ ವೇಗದಲ್ಲಿ ಹದಿನಾರನೇ ನೋಟ್ (ಒಂದು ಬೀಟಿನ ಕಾಲು ಭಾಗ) ಅಂದರೆ 125 ಮಿಲಿಸೆಕೆಂಡ್, ಅದರ ಮುಂದೆ ಎಂಟು ಯಾವ ಲೆಕ್ಕ ಅನ್ನಿಸುತ್ತೆ, ಆದರೆ ಹಾಡು ಅಲ್ಲೇ ಬೆನ್ನಿಗೊರಗಿ ಕೂರುತ್ತದೆ. ಫಿಲ್ ಇರುವ ಕಡೆ ಹ್ಯಾಟ್ ಪೂರ್ತಿ ತೆಗೆದೆವು, ಎರಡೂ ಕೈ ಟಾಮ್ ಡ್ರಮ್‌ಗಳ ಮೇಲಿರುವಾಗ ಹ್ಯಾಟ್ ಹೊಡೆಯೋದು ಯಾರು? ಕ್ರ್ಯಾಶ್ ಬಿದ್ದ ಜಾಗದಲ್ಲೂ ಹ್ಯಾಟ್ ಇಲ್ಲ, ಅದರ ಅಡಿಯಲ್ಲಿ ಕಿಕ್ ಕಡ್ಡಾಯ. ಟಾಮ್ ರೋಲ್‌ನಲ್ಲಿ ಎಡಗೈ ಏಟುಗಳು ಒಂದು ಮೆಟ್ಟಿಲು ಕೆಳಗೆ. ಅವನು ಗಾಳಿಯಲ್ಲೇ ಕೈ ಆಡಿಸಿ ನೋಡಿ, ಇದು ಆಗುತ್ತೆ, ಇದು ಆಗಲ್ಲ ಅಂತ ಹೇಳುತ್ತಾ ಹೋದ. ಈಗ ನಾನೊಬ್ಬನೇ ಇದ್ದಾಗಲೂ ಹಾಗೇ ಮಾಡುತ್ತೇನೆ, ಯಾರಾದರೂ ನೋಡಿದರೆ ಏನಂದುಕೊಳ್ಳುತ್ತಾರೋ.

ಒಂದು ವಿಷಯಕ್ಕೆ ಜಗಳ ಆಯಿತು. ಅವನಿಗೆ ಸ್ನೇರ್ ಮಧ್ಯೆ ಮಧ್ಯೆ ಘೋಸ್ಟ್ ನೋಟ್ ಬೇಕು, 30ರ ವೆಲಾಸಿಟಿಯಲ್ಲಿ ಸಣ್ಣಗೆ. ವರ್ಸ್‌ನಲ್ಲಿ ಸರಿ, ಅಲ್ಲಿ ಗಿಟಾರ್ ಕ್ಲೀನ್ ಇದೆ. ಕೋರಸ್‌ನಲ್ಲಿ ಎರಡೂ ಕಡೆ ಡಿಸ್ಟಾರ್ಷನ್ ತುಂಬಿಕೊಂಡ ಮೇಲೆ ಅದು ಯಾರಿಗೂ ಕೇಳಿಸುವುದಿಲ್ಲ. ಡ್ರಮ್ಮರ್‌ಗಳು ಇದನ್ನು ಒಪ್ಪುವುದಿಲ್ಲ ಬಿಡಿ. ಸೋಲೋ ಬಟನ್ ಒತ್ತಿ ಬರೀ ಡ್ರಮ್ಸ್ ಕೇಳಿಕೊಂಡು ಗಂಟೆಗಟ್ಟಲೆ ಘೋಸ್ಟ್ ನೋಟ್ ತಿದ್ದುವ ಬದಲು ಗಿಟಾರ್ ಜೊತೆ ಹಾಕಿ ಕೇಳೋದು ಒಳ್ಳೇದು ಅನ್ನೋದು ನನ್ನ ವಾದ. ಕೋರಸ್‌ನಿಂದ ತೆಗೆದೆ.

ಇನ್ನು ರೂಮ್, ಅಂದರೆ ನುಡಿಸಿದ ಜಾಗದ ಪ್ರತಿಧ್ವನಿ. ಲೆಡ್ ಜೆಪೆಲಿನ್ ಬ್ಯಾಂಡಿನ ಡ್ರಮ್ಮರ್ ಜಾನ್ ಬೋನಮ್ 1971ರ ಆಲ್ಬಂಗೆ ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಅನ್ನೋ ಹಳೇ ಮನೆಯ ಹಾಲ್‌ನಲ್ಲಿ ಕೂತು ನುಡಿಸಿದಾಗ ಮೈಕ್‌ಗಳನ್ನು ಮೇಲೆ ಮೆಟ್ಟಿಲಿನ ಹತ್ತಿರ ಇಳಿಬಿಟ್ಟಿದ್ದರು. ಆ ದೈತ್ಯ ಶಬ್ದ ಅರ್ಧ ಅವರ ಕೈಯದು, ಅರ್ಧ ಆ ಜಾಗದ್ದು. ನಮಗೆ ಜಾಗ ಇಲ್ಲ. ಇಡೀ ಕಿಟ್ಟನ್ನು ಒಂದೇ ಸಣ್ಣ ರೂಮ್ ರಿವರ್ಬ್‌ಗೆ (ಕೃತಕ ಪ್ರತಿಧ್ವನಿ) ಕಳಿಸಿ, ಆ ರಿವರ್ಬ್ ಮೇಲೆ ಜೋರು-ಮೆಲ್ಲಗಿನ ಅಂತರ ತಗ್ಗಿಸುವ ಕಂಪ್ರೆಷನ್ ಗಟ್ಟಿಯಾಗಿ ಹಾಕಿ, ಡ್ರಮ್ಸ್ ಕೆಳಗೆ ಮೆಲ್ಲಗೆ ಸೇರಿಸಿದೆ. ಸ್ನೇರ್‌ಗೊಂದು, ಟಾಮ್‌ಗೊಂದು ಬೇರೆ ಬೇರೆ ರಿವರ್ಬ್ ಕೊಟ್ಟರೆ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಕೂತು ಬಾರಿಸಿದ ಹಾಗಿರುತ್ತೆ, ಅಲ್ವಾ?

ಹೋಗುವ ಮೊದಲು ಅವನು ಕೋರಸ್‌ನ ಟೆಂಪೋ 122ಕ್ಕೆ ಏರಿಸು ಅಂದ. ಗಿಟಾರ್ ಇನ್ನೂ ಬರೀ ಗೈಡ್ ಟ್ರ್ಯಾಕ್ (ಆಮೇಲೆ ಮತ್ತೆ ನುಡಿಸುವ ಕಚ್ಚಾ ಟ್ರ್ಯಾಕ್) ಆಗಿದ್ದರಿಂದ ತೊಂದರೆ ಇರಲಿಲ್ಲ, ಏರಿಸಿದೆ. ಸಂಜೆ ಬೇಸ್ ಗಿಟಾರ್ ರೆಕಾರ್ಡ್ ಮಾಡುವಾಗ ಕ್ಲಿಕ್ ಮ್ಯೂಟ್ ಮಾಡಿ ಬರೀ ಡ್ರಮ್ಸ್ ಕೇಳಿಕೊಂಡು ನುಡಿಸಿದೆ. ಬೇಸ್ ಕೂಡ ಸ್ನೇರ್ ಜೊತೆ ಸ್ವಲ್ಪ ತಡವಾಗಿ ಕೂತಿದೆ, ಅದನ್ನು ಕ್ವಾಂಟೈಜ್ ಮಾಡಿ ಗ್ರಿಡ್‌ಗೆ ಎಳೆಯಲು ಹೋಗಲಿಲ್ಲ.