ಕಾಯಿಲ್‌ಗನ್: ಮೊಳೆ ಹಾರಿತು, ವೇಗ ಸುಳ್ಳು ಹೇಳಿತು

ಎರಡು ಹಳಿಗಳ ನಡುವೆ ಕರೆಂಟ್ ಹರಿಸಿ ಲೋಹದ ತುಂಡನ್ನು ಹಾರಿಸುವ ರೈಲ್‌ಗನ್ನೇ ಮಾಡಬೇಕು ಅಂತ ಶುರು ಮಾಡಿದ್ದೆ. ಆದರೆ ಅದಕ್ಕೆ ಸಾವಿರಾರು ಆಂಪಿಯರ್ ಬೇಕು, ಮೇಲಾಗಿ ಹಾರಬೇಕಾದ ಲೋಹದ ತುಂಡು ಹಳಿಗೇ ಬೆಸೆದುಕೊಂಡು ಕೂರುತ್ತದೆ. ಅದನ್ನು ಕೈಬಿಟ್ಟು ಅದರ ತಮ್ಮನಂಥ ಕಾಯಿಲ್‌ಗನ್‌ಗೆ ಬಂದೆ. ಪ್ಲಾಸ್ಟಿಕ್ ಕೊಳವೆ, ಮೇಲೆ ತಾಮ್ರದ ತಂತಿ ಸುತ್ತು, ಒಳಗೆ ತಲೆ ಕತ್ತರಿಸಿದ 5 ಗ್ರಾಂ ತೂಕದ ಕಬ್ಬಿಣದ ಮೊಳೆ. ಕರೆಂಟ್ ಹರಿದಾಗ ಸುತ್ತು, ಅಂದರೆ ಕಾಯಿಲ್, ಅಯಸ್ಕಾಂತವಾಗಿ ಮೊಳೆಯನ್ನು ತನ್ನ ನಡುವಿನ ಕಡೆಗೆ ಎಳೆಯುತ್ತದೆ. ಅಷ್ಟೇ.

ವೇಗ ಅಳೆಯಲು 10 ಸೆಂ.ಮೀ. ಅಂತರದಲ್ಲಿ ಎರಡು ಇನ್‌ಫ್ರಾರೆಡ್ ಗೇಟ್ ಇಟ್ಟೆ; ಮೊಳೆ ಬೆಳಕಿಗೆ ಅಡ್ಡ ಬಂದ ಕ್ಷಣವನ್ನು ಗುರುತಿಸುವ ಸೆನ್ಸರ್‌ಗಳಿವು. ಮೊದಲ ಸಲ ಹೊಡೆದಾಗ ಪರದೆ ಮೇಲೆ 1.1 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ 91 ಮೀಟರ್! ಹತ್ತು ನಿಮಿಷ ಖುಷಿಯಲ್ಲೇ ಇದ್ದೆ. ಆಮೇಲೆ ಲೆಕ್ಕ ಹಾಕಿದೆ. ಆ ವೇಗಕ್ಕೆ ಮೊಳೆಯಲ್ಲಿ ಸುಮಾರು 20 ಜೂಲ್ ಇರಬೇಕು. ಕಾಯಿಲ್‌ಗೆ ಕರೆಂಟ್ ಕೂಡಿಟ್ಟು ಕೊಡುವ ನನ್ನ 4700 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಲ್ಲಿ 50 ವೋಲ್ಟ್‌ಗೆ ಇರುವುದೇ 5.9 ಜೂಲ್. ಹಾಕಿದ್ದಕ್ಕಿಂತ ಮೂರು ಪಟ್ಟು ಜಾಸ್ತಿ ಹೊರಗೆ ಬರೋದು ಹೇಗೆ?

ಮೊಳೆಯನ್ನೇ ಹಾಕದೆ ಗುಂಡಿ ಒತ್ತಿ ನೋಡಿದೆ. ಆಗಲೂ 88 ಮೀಟರ್! ಇಲ್ಲದ ಮೊಳೆಯೂ ಹಾರುತ್ತಿತ್ತು.

ಕಳ್ಳ ಸಿಕ್ಕಿದ್ದು ಸೆನ್ಸರ್ ತಂತಿಗಳಲ್ಲಿ. ಕಾಯಿಲ್‌ಗೆ ಕರೆಂಟ್ ನುಗ್ಗಿದಾಗ ಕಾಂತಕ್ಷೇತ್ರ ಒಮ್ಮೆಲೇ ಏರುತ್ತದೆ. ಪಕ್ಕದಲ್ಲೇ ಸಡಿಲವಾಗಿ ಬಿದ್ದಿದ್ದ ತಂತಿಗಳಲ್ಲಿ ಅದು ವೋಲ್ಟೇಜ್ ಹುಟ್ಟಿಸುತ್ತಿತ್ತು, ಅದನ್ನೇ ಮೊಳೆ ದಾಟಿದ ಸುದ್ದಿ ಅಂತ ಲೆಕ್ಕಕ್ಕೆ ಹಿಡಿಯುತ್ತಿತ್ತು. ತಂತಿಗಳನ್ನು ಜೋಡಿ ಜೋಡಿಯಾಗಿ ಹೆಣೆದೆ, ಗೇಟ್‌ಗಳನ್ನು ಕಾಯಿಲ್‌ನಿಂದ 20 ಸೆಂ.ಮೀ. ದೂರ ಸರಿಸಿದೆ. ಈಗ ಮೊಳೆ ಇಲ್ಲದಿದ್ದರೆ ಪರದೆ ಸುಮ್ನೆ ಇರುತ್ತದೆ.

ಹೊಸ ಅಳತೆ 21.6 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 4.6 ಮೀಟರ್. ಈ ಸಲ ಸುಲಭಕ್ಕೆ ನಂಬಲಿಲ್ಲ. 75 ಸೆಂ.ಮೀ. ಎತ್ತರದ ಮೇಜಿನಿಂದ ಅಡ್ಡಕ್ಕೆ ಹೊಡೆದು, ಮೊಳೆ ಬೀಳುವ ಜಾಗದಲ್ಲಿ ಹಿಟ್ಟು ಹರಡಿದೆ. ಗುರುತು ಬಿದ್ದದ್ದು 1.8 ಮೀಟರ್ ದೂರದಲ್ಲಿ. ಅಷ್ಟೆತ್ತರದಿಂದ ಬೀಳಲು 0.39 ಸೆಕೆಂಡ್ ಬೇಕು. ಭಾಗಿಸಿದರೆ 4.6. ಎರಡೂ ತಾಳೆಯಾಯಿತು!

ಹಾಕಿದ ಶಕ್ತಿಯಲ್ಲಿ ಮೊಳೆಗೆ ಸಿಕ್ಕಿದ್ದು ನೂರಕ್ಕೆ ಒಂದು ಪಾಲೂ ಅಲ್ಲ. ನಾರ್ವೆಯ ವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲಾಂಡ್ 1903ರಲ್ಲಿ ಇಂಥದ್ದೇ ಫಿರಂಗಿಯನ್ನು ಜನರೆದುರು ಹೊಡೆಯಲು ಹೋದಾಗ ಶಾರ್ಟ್ ಆಗಿ ದೊಡ್ಡ ಕಿಡಿ ಎದ್ದಿತ್ತು. ಆತ ಆ ಕಿಡಿಯನ್ನೇ ಗಾಳಿಯ ನೈಟ್ರೋಜನ್‌ನಿಂದ ಗೊಬ್ಬರ ಮಾಡಲು ಬಳಸಿದ. ನನ್ನ ಕಿಡಿ ಸ್ವಿಚ್ಚನ್ನು ಕರಕಲು ಮಾಡಿತು, ಅಷ್ಟೇ. ಅಂದಹಾಗೆ, ಪ್ರತಿ ಸಲ ಕೈ ಹಾಕುವ ಮೊದಲು ಕೆಪಾಸಿಟರನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್ ಇಟ್ಟು ನೋಡುತ್ತೇನೆ.

ಈಗ ಮೊಳೆಯನ್ನು ಎಲ್ಲಿಂದ ಹೊರಡಿಸಬೇಕು ಅನ್ನೋದರ ಮೇಲೆ ಕೂತಿದ್ದೇನೆ. ಕಾಯಿಲ್ ಬಾಯಲ್ಲಿಟ್ಟರೆ 4.6. 5 ಮಿ.ಮೀ. ಒಳಗಿಟ್ಟರೆ 5.2. ನಿನ್ನೆ ಅಂದಾಜು ತಪ್ಪಿ ಕಾಯಿಲ್ ನಡುವನ್ನೂ ದಾಟಿಸಿ ಇಟ್ಟುಬಿಟ್ಟೆ. ಮೊಳೆ ಹಿಂದಕ್ಕೆ ಹಾರಿ ನನ್ನ ಕನ್ನಡಕಕ್ಕೇ ಟಣ್ ಅಂತ ಬಡಿಯಿತು.