ಕಡಲಿಗೆ ಬೆನ್ನು ಹಾಕಿ ವಿಶಾಖಪಟ್ಟಣ

ವಿಶಾಖಪಟ್ಟಣಕ್ಕೆ ಬಂದವರೆಲ್ಲ ಮೊದಲು ಧಾವಿಸುವುದು ರಾಮಕೃಷ್ಣ ಬೀಚಿಗೆ. ಊರಿನವರ ಬಾಯಲ್ಲಿ ಅದು ಆರ್.ಕೆ. ಬೀಚ್. ನಾವೂ ಹೋದೆವು. ಮುಂಜಾನೆ ಬೀಚ್ ರಸ್ತೆಯಲ್ಲಿ ವಾಹನಗಳನ್ನು ಬಿಡುವುದಿಲ್ಲ. ವಾಯುವಿಹಾರದ ಹಿರಿಯರು, ಸೈಕಲ್ ತುಳಿಯುವ ಮಕ್ಕಳು ರಸ್ತೆಯ ಉದ್ದಗಲಕ್ಕೂ ಹರಡಿಕೊಂಡಿರುತ್ತಾರೆ. ಸೂರ್ಯ ನೀರಿನಿಂದ ಮೇಲೇಳುವುದು ನಮ್ಮ ಪಡುವಣ ಕರಾವಳಿಗೆ ಒಗ್ಗಿದ ಕಣ್ಣಿಗೆ ಹೊಸತು. ಆದರೆ ಈಜುವ ಆಸೆ ಬೇಡ. ಇಲ್ಲಿ ಅಲೆಗಳ ಸೆಳೆತ ಜೋರು. ಮಂಡಕ್ಕಿಯ ಮುರಿ ಮಿಕ್ಸ್ಚರ್ ತಿಂದು, ಕಾಲು ತೋಯಿಸಿಕೊಂಡರೆ ಕಡಲು ಮುಗಿಯಿತು. ಈ ಊರಿನಲ್ಲಿ ನೋಡತಕ್ಕದ್ದೆಲ್ಲ ಕಡಲಿಗೆ ಬೆನ್ನು ತಿರುಗಿಸಿದ ಮೇಲೆಯೇ ಎಂಬುದು ನನ್ನ ಅಭಿಪ್ರಾಯ.

ತಿರುಗಿದ ಕೂಡಲೇ ಮರಳಿನ ಮೇಲೆ ಒಂದು ಜಲಾಂತರ್ಗಾಮಿ ಕಾಣುತ್ತದೆ. ಐಎನ್‌ಎಸ್ ಕುರ್ಸುರಾ. 1969ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದದ್ದು, 1971ರ ಯುದ್ಧದಲ್ಲಿ ಅರಬ್ಬೀ ಸಮುದ್ರದಲ್ಲಿ ಗಸ್ತು ತಿರುಗಿದ್ದು, 2001ರಲ್ಲಿ ನಿವೃತ್ತಿಯಾಗಿ ಮರುವರ್ಷವೇ ವಸ್ತುಸಂಗ್ರಹಾಲಯವಾಯಿತು. ಹೊರಗಿನಿಂದ 91 ಮೀಟರ್ ಉದ್ದದ ಕಪ್ಪು ದೇಹ ನೋಡಿ ಒಳಗೆ ವಿಶಾಲವಾಗಿರಬಹುದು ಎಂದುಕೊಂಡವರು ಮೊದಲ ಕೋಣೆಯಲ್ಲೇ ಮೊಣಕೈ ಮಡಚಿಕೊಳ್ಳುತ್ತಾರೆ. ಗೋಡೆ ಎಂಬುದು ಕಾಣುವುದಿಲ್ಲ. ಎಲ್ಲೆಲ್ಲೂ ಕೊಳವೆ, ಕವಾಟ, ಚಕ್ರ, ಮಾಪಕ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಲು ಗುಂಡನೆಯ ಕಿಂಡಿಯೊಳಗೆ ಮೊದಲು ಕಾಲು, ಆಮೇಲೆ ತಲೆ ತೂರಿಸಬೇಕು. ನಮ್ಮ ಹಿಂದಿದ್ದ ದಪ್ಪ ಗೃಹಸ್ಥರೊಬ್ಬರು ಪ್ರತಿ ಕಿಂಡಿಯಲ್ಲೂ ನರಸಿಂಹನನ್ನು ನೆನೆಯುತ್ತಿದ್ದರು.

ಮುಂಭಾಗದಲ್ಲಿ ಆರು, ಹಿಂಭಾಗದಲ್ಲಿ ನಾಲ್ಕು ಟಾರ್ಪೆಡೊ (ನೀರೊಳಗೆ ಹಾಯುವ ಸ್ಫೋಟಕ) ಕೊಳವೆಗಳು. ಆ ಕೋಣೆಯಲ್ಲೇ ನಾವಿಕರ ಹಾಸಿಗೆ. ಮಗ್ಗುಲಲ್ಲಿ ಟಾರ್ಪೆಡೊ ಇಟ್ಟುಕೊಂಡು ನಿದ್ದೆ. ಎಪ್ಪತ್ತಕ್ಕೂ ಹೆಚ್ಚು ಜನ ಹೀಗೆ ವಾರಗಟ್ಟಲೆ ಇರುತ್ತಿದ್ದರಂತೆ. ವಿವರಿಸುವವರು ನೌಕಾಪಡೆಯ ನಿವೃತ್ತ ಸಿಬ್ಬಂದಿ. ಪಾಠ ಒಪ್ಪಿಸುವ ದನಿ ಅವರದಲ್ಲ. ಸ್ನಾನದ ಮನೆ ಎಲ್ಲಿ ಎಂದು ಹುಡುಗನೊಬ್ಬ ಕೇಳಿದ್ದಕ್ಕೆ, "ಸಿಹಿನೀರು ಕುಡಿಯುವುದಕ್ಕೆ, ಅಡುಗೆಗೆ. ಸ್ನಾನ ಊರಿಗೆ ಹೋದ ಮೇಲೆ, ಬಾಬೂ" ಎಂದರು. ಹುಡುಗ ತಾನೂ ನೌಕಾಪಡೆಗೆ ಸೇರುವುದಾಗಿ ಅಲ್ಲೇ ಘೋಷಿಸಿದ.

ರಸ್ತೆಯ ಆಚೆ ಬದಿಗೆ ಟಿಯು-142 ಗಸ್ತು ವಿಮಾನವಿದೆ, 2017ರಿಂದ. ಇಂಥದೇ ವಿಮಾನ ಕಾರವಾರದ ಟ್ಯಾಗೋರ್ ಕಡಲತೀರಕ್ಕೂ ಬಂದಿರುವುದರಿಂದ ಕನ್ನಡಿಗರು ಅವಸರದಲ್ಲಿದ್ದರೆ ಇದನ್ನು ಬಿಡಬಹುದು. ಕುರ್ಸುರಾವನ್ನು ಬಿಡಬಾರದು, ಸೋಮವಾರ ಮಾತ್ರ ಬಾಗಿಲು ಹಾಕಿರುತ್ತದೆ.

ಕೈಲಾಸಗಿರಿಗೆ ರೋಪ್‌ವೇಯಲ್ಲಿ ಹೋದೆವು. ಬಿಳಿಯ ಶಿವಪಾರ್ವತಿಯರ ದೊಡ್ಡ ವಿಗ್ರಹ, ಅದರ ಮುಂದೆ ಫೋಟೊಕ್ಕೆ ನಿಂತ ಜನ. ಅಲ್ಲಿಂದ ತೀರದ ಬಾಗು ಚೆನ್ನಾಗಿ ಕಾಣುತ್ತದೆ; ಅಷ್ಟೇ.

ಸಿಂಹಾಚಲದ ಮಾತೇ ಬೇರೆ. ಬೆಟ್ಟದ ಬುಡದಲ್ಲಿ ಅನಾನಸ್ ರಾಶಿ, ಸಂಪಿಗೆಯ ವಾಸನೆ. ಮೇಲೆ ವರಾಹ ನರಸಿಂಹ. ಸಾಮಾನ್ಯವಾಗಿ ದೇವರು ಪೂರ್ವಕ್ಕೆ ಮುಖ ಮಾಡಿರುತ್ತಾನೆ, ಇವನದು ಪಶ್ಚಿಮಕ್ಕೆ. ಅಂದರೆ ಕಡಲಿಗೆ ಬೆನ್ನು ಹಾಕಿದವರಲ್ಲಿ ಇವನೇ ಮೊದಲಿಗ! ವರ್ಷವಿಡೀ ಮೂರ್ತಿಯ ಮೇಲೆ ಗಂಧದ ಲೇಪ. ಗರ್ಭಗುಡಿಯಲ್ಲಿ ಕಾಣುವುದು ಹೆಚ್ಚುಕಡಿಮೆ ಲಿಂಗದಂತಿರುವ ಗಂಧದ ಮುದ್ದೆ. ಅಕ್ಷಯ ತೃತೀಯೆಯ ದಿನ ಮಾತ್ರ ಲೇಪ ತೆಗೆದು ನಿಜರೂಪ ದರ್ಶನ; ಅಂದಿನ ಜನಜಾತ್ರೆಯನ್ನು ಊಹಿಸಿಯೇ ನಾವು ಬೇರೆ ದಿನ ಹೋದದ್ದು. ಕೊನಾರ್ಕ್ ಕಟ್ಟಿಸಿದ ಪೂರ್ವ ಗಂಗರ ಕಾಲದಲ್ಲಿ, 13ನೆಯ ಶತಮಾನದಲ್ಲಿ, ಗುಡಿ ಈಗಿನ ರೂಪ ಪಡೆಯಿತು. ಒಡಿಶಾದ ದೊರೆ ಗಜಪತಿಯ ಮೇಲೆ ದಂಡೆತ್ತಿ ಬಂದ ವಿಜಯನಗರದ ಕೃಷ್ಣದೇವರಾಯ 1516ರಲ್ಲಿ ಇಲ್ಲಿ ಪೂಜೆ ಸಲ್ಲಿಸಿ ಒಡವೆಗಳನ್ನು ಕೊಟ್ಟದ್ದಕ್ಕೆ ಶಾಸನವಿದೆ. ಶತ್ರುವಿನ ನೆಲದಲ್ಲಿ ಶತ್ರುವಿನ ದೇವರಿಗೇ ಹರಕೆ ಸಲ್ಲಿಸುವ ಜಾಣತನ ಹಂಪಿಯವರಿಗಿತ್ತು. ಮಂಟಪದ ಕಪ್ಪಸ್ತಂಭವನ್ನು ಜನ ತಬ್ಬಿಕೊಂಡು ಹರಕೆ ಹೊರುತ್ತಾರೆ. ನಾನೂ ತಬ್ಬಿದೆ, ಬೇಡಿದ್ದನ್ನು ಹೇಳುವಂತಿಲ್ಲ.

ಭೀಮಿಲಿಯ ರಸ್ತೆಯಲ್ಲಿರುವ ತೊಟ್ಲಕೊಂಡಕ್ಕೆ ಹೋಗುವವರು ಕಡಿಮೆ. ಎರಡು ಸಾವಿರ ವರ್ಷದ ಹಿಂದಿನ ಬೌದ್ಧ ವಿಹಾರದ ತಳಪಾಯಗಳು, ಭಿಕ್ಷುಗಳ ಸಾಲುಕೋಣೆಗಳು, ಮಳೆನೀರು ಹಿಡಿಯಲು ಬಂಡೆಯಲ್ಲೇ ಕೊರೆದ ತೊಟ್ಟಿಗಳು. ಉತ್ಖನನದಲ್ಲಿ ಶಾತವಾಹನರ ಸೀಸದ ನಾಣ್ಯಗಳ ಜೊತೆ ರೋಮ್‌ನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಹಡಗಿನ ವರ್ತಕರ ಕಾಣಿಕೆಯಿಂದಲೇ ವಿಹಾರ ನಡೆದಿರಬೇಕು. ಬಿಸಿಲಿಗೆ ನೆರಳು ಕಡಿಮೆ, ತಿನ್ನಲು ಏನೂ ಸಿಗುವುದಿಲ್ಲ. ನೀರು, ಟೋಪಿ ಇಟ್ಟುಕೊಂಡೇ ಹತ್ತಬೇಕು. ಕಡಲು ನೋಡಲೇಬೇಕು ಎಂಬ ಹಟವಿದ್ದವರಿಗೂ ಇದೇ ಸರಿಯಾದ ಜಾಗ, ಬೀಚ್ ಅಲ್ಲ.

ಅರಕು ಕಣಿವೆ, ಬೊರ್ರಾ ಗುಹೆಗಳನ್ನು ಈ ಸುತ್ತಾಟದೊಳಗೆ ತುರುಕಬೇಡಿ. ಸುರಂಗಗಳ ಸಾಲು ದಾಟಿ ಅಲ್ಲಿಗೆ ಘಟ್ಟ ಹತ್ತುವ ಕಿರಂದುಲ್ ರೈಲಿಗೇ ಒಂದಿಡೀ ಹಗಲು ಬೇಕು. ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗೆ ಮುಂಚಿತವಾಗಿ ಟಿಕೆಟ್ ಮಾಡಿಸಿದರೆ ಒಳ್ಳೆಯದು.